ಉಪ್ಪಿಲ್ಲದ ಕಡಲು

ಈ ಬೇಸಿಗೆಗೆ ವಸಾಗಾ ಬೀಚ್‌ಗೆ ಹೊರಟಿದ್ದೀರಾ? ಮಿಸಿಸಾಗದಿಂದ ಕಾರಿನಲ್ಲಿ ಒಂದೂವರೆ-ಎರಡು ಗಂಟೆ. ವಾರಾಂತ್ಯವಾದರೆ ಬೆಳಿಗ್ಗೆ ಬೇಗನೆ ಹೊರಡಿ, ಪಾರ್ಕಿಂಗ್ ತುಂಬಿಬಿಡುತ್ತದೆ. ಜಾರ್ಜಿಯನ್ ಬೇ ದಡದಲ್ಲಿ 14 ಕಿಲೋಮೀಟರ್ ಮರಳು. ನೀರು ಬಹುದೂರದವರೆಗೂ ಆಳವಿಲ್ಲ. (ಹಾಗೆಂದು ಪುಟ್ಟ ಮಕ್ಕಳ ಕೈ ಬಿಡಬೇಡಿ.)

ಕಳೆದ ವರ್ಷ ಆರರ ಮಗಳಿಗೆ, "ಇದು ಸಮುದ್ರ ಅಲ್ಲ, ಸಿಹಿನೀರು" ಎಂದೆ. ಬೆರಳದ್ದಿ ನೆಕ್ಕಿದಳು. "ಸಿಹಿನೇ ಇಲ್ಲ ಅಮ್ಮಾ!" ಮಲ್ಪೆಯ ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ದೂರು ಹೋಯಿತು. "ನಮ್ಮ ಕಡಲಿನ ನೀರು ಒಮ್ಮೆ ಬಾಯಿಗೆ ಹಾಕಿ ನೋಡು ಮಗಾ, ಆಮೇಲೆ ಅದು ಸಿಹಿಯೇ ಅನಿಸ್ತದೆ" ಎಂದು ಅಜ್ಜಿ ನಕ್ಕರು. ಮರಳು, ಅಲೆ, ಚಿಪ್ಪು, ದೋಣಿ ಎಂದು ಮಾತು ಇಪ್ಪತ್ತು ನಿಮಿಷ ಸಾಗಿತು. "ಊಟ ಆಯ್ತಾ" ದಾಟಿ ಅವರಿಬ್ಬರು ಮಾತಾಡಿದ್ದು ಅದೇ ಮೊದಲು.

ಫೋನ್ ಚಾರ್ಜ್ ಮಾಡಿಕೊಂಡು ಹೋಗಿ. ಇಲ್ಲಿ ಬೆಳಿಗ್ಗೆ 10 ಎಂದರೆ ಊರಲ್ಲಿ ಸಂಜೆ 7.30.