ಬಣ್ಣದ ಕೆಳಗಿನ ಪದರು

ಸ್ಮರಣ ಸಂಚಿಕೆಗಳಲ್ಲಿ ಕಟ್ಟಡಗಳ ಹೆಸರು, ಕಟ್ಟಿಸಿಕೊಟ್ಟ ಮಹನೀಯರ ಹೆಸರು, ಶಂಕುಸ್ಥಾಪನೆ ನೆರವೇರಿದ ತಿಥಿವಾರಗಳು ಅಚ್ಚಾಗುವುದು ವಾಡಿಕೆ. ಆ ಕಟ್ಟಡದ ಕಿಟಕಿಗೆ ಹಚ್ಚಿದ ಬಣ್ಣದ ವಿಚಾರ ಅಚ್ಚಾಗುವುದಿಲ್ಲ. ಅಂಥದೊಂದು ಅಲ್ಪ ವಿಷಯವನ್ನು ಈ ಪುಟಗಳಿಗೆ ತರುತ್ತಿರುವುದಕ್ಕೆ ವಾಚಕರು ಮನ್ನಿಸಬೇಕು. ವಿಷಯ ತೋರುವಷ್ಟು ಅಲ್ಪವಾದುದಲ್ಲವೆಂಬುದು ಮಾತ್ರ ನನ್ನ ದೃಢವಾದ ಅಭಿಪ್ರಾಯ.

ನಮ್ಮ ಸಭಾಭವನದ ಕಿಟಕಿಗಳು ಅಲ್ಯೂಮಿನಿಯಂ ಚೌಕಟ್ಟಿನವು. ದಾನಿಗಳು ಉದಾರಹಸ್ತದಿಂದ ಕೊಟ್ಟ ಹಣದಲ್ಲಿ ಅವಕ್ಕೆ ಬಿಳಿಯ ಪೌಡರ್ ಕೋಟಿಂಗ್ ಮಾಡಿಸಲಾಗಿತ್ತು. ಮೊದಲೆರಡು ವರ್ಷ ಅವು ಹಾಲಿನಲ್ಲಿ ತೊಳೆದಂತೆ ಇದ್ದವು. ಐದನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಮೂಲೆಗಳಲ್ಲಿ ಬಣ್ಣ ಉಬ್ಬಿ, ಉಗುರು ತಾಕಿಸಿದರೆ ಹಪ್ಪಳದಂತೆ ಏಳತೊಡಗಿತು. ಎದ್ದ ಬಣ್ಣದ ಕೆಳಗೆ ಹುಳು ಹರಿದಂತೆ ಎಳೆಎಳೆಯಾದ ಬಿಳಿಯ ಗೆರೆಗಳು ಕಂಡವು. ಗುತ್ತಿಗೆದಾರರು ಮಳೆಯನ್ನು ದೂರಿದರು. ಬಣ್ಣದವರು ಲೋಹವನ್ನು ದೂರಿದರು. ಮಳೆಯದಾಗಲಿ ಲೋಹದ್ದಾಗಲಿ ತಪ್ಪಿರಲಿಲ್ಲ. ಚೌಕಟ್ಟುಗಳನ್ನು ಅರಿವೆಯಿಂದ ಒರೆಸಿ, ಹಾಗೆಯೇ ಪುಡಿ ಎರಚಿ ಒಲೆಗೆ ಹಾಕಿದ್ದರು. ಲೋಹಕ್ಕೂ ಬಣ್ಣಕ್ಕೂ ನಡುವೆ ಇರಬೇಕಾದ ಪದರು ಅಲ್ಲಿರಲೇ ಇಲ್ಲ. ಕಣ್ಣಿಗೆ ಕಾಣುವ ಬಣ್ಣಕ್ಕೆ ನಾವು ಹಣ ಕೊಟ್ಟೆವು. ಕಾಣದ ಕೆಲಸವನ್ನು ಕೇಳಲಿಲ್ಲ, ಅವರೂ ಮಾಡಲಿಲ್ಲ.

ಈ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. ಊರೂರು ತಿರುಗುತ್ತಿದ್ದ ಕಲಾಯಿಗಾರನನ್ನು ಕಂಡವರು ಈಗಲೂ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿದ್ದಾರೆ. ಅವನ ಸಂಗಡದ ಹುಡುಗ ದೊಡ್ಡ ಹಂಡೆಯೊಳಗೆ ನಿಂತು ಮರಳಿನ ಮೇಲೆ ಕಾಲಿನಿಂದ ಸುತ್ತಿ ಸುತ್ತಿ ಅದನ್ನು ತಿಕ್ಕುತ್ತಿದ್ದ. ಆಮೇಲೆ ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಹೊಗೆ ಏಳುತ್ತಿರುವಂತೆಯೇ ತವರವನ್ನು ಅರಳೆಯಿಂದ ಒರೆಸಿ ಹರಡುತ್ತಿದ್ದರು. ತವರ ಹಿಡಿಸುವ ಕೆಲಸ ಒಂದೆರಡು ನಿಮಿಷದ್ದು; ಅದಕ್ಕೆ ಮುಂಚಿನ ತಿಕ್ಕಾಟವೇ ಅರ್ಧ ಹಗಲಿನದು. ತಾಮ್ರದ ಮೇಲಿನ ಕಿಲುಬನ್ನು ತೆಗೆಯುವ ನವಸಾಗರ ಇಲ್ಲದಿದ್ದರೆ ತವರ ಹಿಡಿಯದೆಂಬುದನ್ನು ಅವನಿಗೆ ಯಾವ ಪಾಠಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಅಲ್ಯೂಮಿನಿಯಮ್ಮಿನ ಸ್ವಭಾವ ಇನ್ನೂ ವಿಚಿತ್ರವಾದುದು. ಗಾಳಿ ತಾಕಿದ ಕ್ಷಣದಲ್ಲಿಯೇ ಅದು ತನ್ನ ಮೈಮೇಲೆ ಆಕ್ಸೈಡಿನ ತೆಳುವಾದ ಹೊದಿಕೆಯೊಂದನ್ನು ಹೊದ್ದುಕೊಳ್ಳುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರು. ಒಂದು ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಈ ಹೊದಿಕೆಯಿಂದಲೇ ಲೋಹ ಕಬ್ಬಿಣದಂತೆ ತುಕ್ಕು ಹಿಡಿದು ಹಾಳಾಗುವುದಿಲ್ಲ. ಆದರೆ ಹುಳಿಯೂ ಸುಣ್ಣವೂ ಅದಕ್ಕೆ ಸಮಾನ ಶತ್ರುಗಳು. ಹುಣಿಸೆಯ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ರಾತ್ರಿಯಿಡೀ ಇಡಬಾರದೆಂದು ತಾಯಂದಿರು ಹೇಳುವುದೂ, ಗೋಡೆಗೆ ಸುಣ್ಣ ಬಳಿಯುವಾಗ ಕಿಟಕಿಯ ಮೇಲೆ ಸಿಡಿದ ಹನಿ ಶಾಶ್ವತವಾದ ಕಲೆಯಾಗಿ ಉಳಿಯುವುದೂ ಒಂದೇ ಕಾರಣದಿಂದ. ಉಪ್ಪಿನ ಅಂಶವಿರುವ ತೇವ ಅದನ್ನು ಅಲ್ಲಲ್ಲಿ ಚುಚ್ಚಿ ಕುಳಿ ಮಾಡುತ್ತದೆ. ಇದಲ್ಲದೆ, ನುಣುಪಾದ ಆ ಹೊದಿಕೆಯ ಮೇಲೆ ಬಣ್ಣ ಬೇರೂರುವುದಿಲ್ಲ. ಒಣ ಹವೆಯಲ್ಲಿ ಹಿಡಿದಂತೆ ತೋರಿ, ತೇವ ಒಳಸೇರಿದೊಡನೆ ಕೈಬಿಡುತ್ತದೆ.

ಆದಕಾರಣ ಲೋಹದ ಮೈಯನ್ನೇ ರಾಸಾಯನಿಕವಾಗಿ ಬದಲಿಸಿ, ಬಣ್ಣಕ್ಕೆ ನೆಲೆಯಾಗುವ ಬೇರೊಂದು ಪದರನ್ನು ಅದರ ಮೇಲೆ ಬೆಳೆಸುವ ಉಪಾಯವನ್ನು ಕಂಡುಹಿಡಿದರು. ಇದನ್ನು ಪರಿವರ್ತನಾ ಲೇಪವೆನ್ನಬಹುದು. ಹೊರಗಿನಿಂದ ಬಳಿದುದಲ್ಲ, ಲೋಹವೂ ಪಾಲುಗೊಂಡು ಆದದ್ದು. 1915ರಲ್ಲಿ ಜರ್ಮನಿಯ ಬಾವರ್ ಮತ್ತು ಫೋಗೆಲ್ ಎಂಬುವರು ಕ್ರೋಮೇಟ್ ಬೆರೆಸಿದ ಬಿಸಿಯಾದ ಕ್ಷಾರ ದ್ರಾವಣದಲ್ಲಿ ಅಲ್ಯೂಮಿನಿಯಮ್ಮನ್ನು ಅದ್ದಿ ಇದಕ್ಕೆ ನಾಂದಿ ಹಾಡಿದರು. ಎರಡನೆಯ ಮಹಾಯುದ್ಧದ ನಂತರ ಕ್ರೋಮಿಕ್ ಆಮ್ಲ ಹಾಗೂ ಫ್ಲೋರೈಡು ಬೆರೆತ ತಣ್ಣನೆಯ ದ್ರಾವಣಗಳು ಬಳಕೆಗೆ ಬಂದವು. ಫ್ಲೋರೈಡು ಹಳೆಯ ಆಕ್ಸೈಡನ್ನು ಕರಗಿಸುತ್ತದೆ. ಬಯಲಾದ ಲೋಹ ಕ್ರೋಮೇಟನ್ನು ಅಪಕರ್ಷಿಸುತ್ತದೆ. ಕರಗದ ಕ್ರೋಮಿಯಂ ಸಂಯುಕ್ತವು ಗಂಜಿಯಂತೆ ಮೇಲ್ಮೈಗೆ ಕೂಡುತ್ತದೆ. ಒಂದರಿಂದ ಐದು ನಿಮಿಷಗಳಲ್ಲಿ ಬೆಳ್ಳನೆಯ ಲೋಹ ಹೊನ್ನಿನ ಬಣ್ಣಕ್ಕೆ ತಿರುಗುವ ನೋಟ ಮನೋಹರವಾದುದು. ಗೀರು ಬಿದ್ದ ಕಡೆಗೆ ಪದರಿನಲ್ಲಿ ಉಳಿದ ಕ್ರೋಮೇಟು ತೇವದೊಡನೆ ಹರಿದುಬಂದು ಗಾಯವನ್ನು ತಾನೇ ಮುಚ್ಚುತ್ತದೆ. ಇಂಥ ಪದರುಳ್ಳ ಫಲಕ, ಬಣ್ಣವಿಲ್ಲದೆಯೇ, ಶೇಕಡಾ 5ರ ಉಪ್ಪುನೀರಿನ ಮಂಜಿನಲ್ಲಿ 168 ಗಂಟೆ, ಅಂದರೆ ಏಳು ಹಗಲು ಏಳು ರಾತ್ರಿ, ನಿಲ್ಲಬೇಕೆಂಬುದು ವಿಮಾನಗಳ ಕೆಲಸಕ್ಕೆ ಅಮೆರಿಕದ ಸೈನ್ಯ ವಿಧಿಸಿರುವ ಕಟ್ಟಳೆ.

ಇದೆಲ್ಲ ದೂರದೇಶದ ಮಾತೆಂದು ತಿಳಿಯಬೇಕಾಗಿಲ್ಲ. ಬೆಳಗಾವಿಯಲ್ಲಿ ಇಂಡಾಲ್ ಎಂದೇ ಜನ ಕರೆಯುತ್ತ ಬಂದ ಕಾರ್ಖಾನೆ ಅಲ್ಯೂಮಿನಿಯಂ ಕರಗಿಸುವುದನ್ನು ನಿಲ್ಲಿಸಿ ಬಹುಕಾಲವಾಯಿತು. 2000ದಲ್ಲಿ ಇಂಡಾಲ್ ಹಿಂಡಾಲ್ಕೊದ ವಶಕ್ಕೆ ಬಂದಿತು, ಇಂದು ಅಲ್ಲಿ ಅಲ್ಯೂಮಿನಾ ತಯಾರಾಗುತ್ತದೆ. ಆದರೆ ನಿಪ್ಪಾಣಿಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ, ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ಬಳಿ ಏಕಸ್ ಸಂಸ್ಥೆಯ ವಿಶೇಷ ಆರ್ಥಿಕ ವಲಯವಿದೆ. ಅಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಅವುಗಳ ಮೇಲ್ಮೈ ಸಂಸ್ಕಾರಕ್ಕೆಂದೇ ಕೆನಡಾದ ಮೆಗೆಲನ್ ಸಂಸ್ಥೆಯೊಡನೆ ಕೂಡಿ ಏರೋಸ್ಪೇಸ್ ಪ್ರೊಸೆಸಿಂಗ್ ಇಂಡಿಯಾ ಎಂಬ ಘಟಕವನ್ನು ಸ್ಥಾಪಿಸಲಾಗಿದೆ. ಕಬ್ಬಿನ ಗದ್ದೆಗಳ ನಡುವೆ, ನಾವು ಬಸ್ಸಿನಲ್ಲಿ ತೂಕಡಿಸುತ್ತ ದಾಟುವ ಊರಿನಲ್ಲಿ, ಸಾಗರದಾಚೆ ಹಾರುವ ವಿಮಾನದ ಲೋಹಕ್ಕೆ ಸಂಸ್ಕಾರ ನಡೆಯುತ್ತಿದೆ. ಅದೇ ಹೆದ್ದಾರಿಯಿಂದ ಕೂಗಳತೆಯಲ್ಲಿರುವ ನಮ್ಮ ಊರುಗಳಲ್ಲಿ ಕಿಟಕಿಗೆ ಅರಿವೆಯಿಂದ ಒರೆಸಿ ಬಣ್ಣ ಹಾಕುತ್ತಾರೆ. ಈ ಅಂತರ ಬುದ್ಧಿಯದಲ್ಲ; ಕೇಳುವವರು ಇರುವುದರ, ಇಲ್ಲದಿರುವುದರ ಅಂತರ.

ಇಲ್ಲಿಯವರೆಗೆ ಓದಿದವರು, ಹಾಗಾದರೆ ಹೊನ್ನಿನ ಬಣ್ಣದ ಆ ಲೇಪವನ್ನೇ ಎಲ್ಲರೂ ಕಡ್ಡಾಯವಾಗಿ ಮಾಡಿಸಲಿ ಎನ್ನಬಹುದು. ನಾನೂ ಕೆಲಕಾಲ ಹಾಗೆಯೇ ವಾದಿಸಿದವನು. ಈಗ ಆ ಅಭಿಪ್ರಾಯವನ್ನು ಬಿಟ್ಟಿದ್ದೇನೆ. ಆ ದ್ರಾವಣದಲ್ಲಿರುವುದು ಆರು ಸಂಯೋಗ ಸಾಮರ್ಥ್ಯದ ಕ್ರೋಮಿಯಂ. ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ನಿಸ್ಸಂದೇಹವಾಗಿ ಸಿದ್ಧವಾದ ವಸ್ತು. ಲೀಟರಿಗೆ 5 ಗ್ರಾಂ ಕ್ರೋಮಿಕ್ ಆಮ್ಲವಿರುವ ದ್ರಾವಣವನ್ನು ತೆಗೆದುಕೊಳ್ಳೋಣ. ಅದರಲ್ಲಿ ಕ್ರೋಮಿಯಂ ಸುಮಾರು 2.6 ಗ್ರಾಂ. ಕುಡಿಯುವ ನೀರಿನಲ್ಲಿ ಇರಬಹುದಾದ ಭಾರತೀಯ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಲೆಕ್ಕ ಹಾಕಿದರೆ ಒಂದು ಲೀಟರು ದ್ರಾವಣ ಐವತ್ತು ಸಾವಿರ ಲೀಟರು ಶುದ್ಧ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲುದು. ದೊಡ್ಡ ಕಾರ್ಖಾನೆಯಲ್ಲಿ ತೊಳೆದ ನೀರಿಗೆ ಆಮ್ಲಸ್ಥಿತಿಯಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ, ಕ್ರೋಮಿಯಮ್ಮನ್ನು ಮೂರು ಸಂಯೋಗ ಸಾಮರ್ಥ್ಯಕ್ಕೆ ಇಳಿಸಿ, ಸುಣ್ಣದಿಂದ ಗಸಿಯಾಗಿ ಕೂಡಿಸುವ ಏರ್ಪಾಡು ಮಾಡಬಹುದು. ಎರಡು ತೊಟ್ಟಿ, ಒಂದು ಒಲೆ ಇಟ್ಟುಕೊಂಡು ನಡೆಸುವ ಅಂಗಡಿಯವನಿಗೆ ಇದು ಸಾಧ್ಯವೇ? ಅವನ ಹಳದಿ ನೀರು ಗಟಾರಕ್ಕೆ, ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ದೂಧಗಂಗೆಗೋ ವೇದಗಂಗೆಗೋ ಕೃಷ್ಣೆಗೋ ಸೇರುತ್ತದೆ. ಚಿಕ್ಕೋಡಿಯಿಂದ ರಾಯಬಾಗ, ಕಾಗವಾಡ, ಅಥಣಿಯವರೆಗೆ ನಾವು ಕುಡಿಯುವುದೂ ಕಬ್ಬಿಗೆ ಹಾಯಿಸುವುದೂ ಆ ನೀರನ್ನೇ. ತಮಿಳುನಾಡಿನ ರಾಣಿಪೇಟೆಯಲ್ಲಿ 1995ರಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆ ಬಿಟ್ಟುಹೋದ ಲಕ್ಷಕ್ಕೂ ಮೀರಿದ ಟನ್ ತ್ಯಾಜ್ಯ ಅಲ್ಲಿನ ಅಂತರ್ಜಲವನ್ನು ಕೆಡಿಸಿದ ಕಥೆ ಬಲ್ಲವರಿಗೆ ಬೇರೆ ಪುರಾವೆ ಬೇಕಿಲ್ಲ.

(ಪ್ರಾಸಂಗಿಕವಾಗಿ ಒಂದು ಮಾತು. ಕ್ರೋಮಿಯಂ ಬೇಡವೆಂದು ಹೇಳುವ ಪರಂಪರೆ ನಮ್ಮ ನಾಡಿನಲ್ಲಿಯೇ ಇದೆ. ಅಥಣಿ, ನಿಪ್ಪಾಣಿಗಳ ಚರ್ಮಕುಶಲಿಗಳು ಹೊಲಿಯುವ, 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಕೊಲ್ಹಾಪುರಿ ಪಾದರಕ್ಷೆಯ ತೊಗಲು ಅಳಲೆಕಾಯಿ, ಜಾಲಿಯ ತೊಗಟೆಗಳಲ್ಲಿ ಹದಗೊಂಡದ್ದು. ಅಲ್ಲಿನದು ಮೂರು ಸಂಯೋಗ ಸಾಮರ್ಥ್ಯದ ಬೇರೆ ಬಗೆಯ ಕ್ರೋಮಿಯಂ ನಿಜ. ಆದರೂ ಬಿಡಬಲ್ಲದ್ದನ್ನು ಬಿಟ್ಟು ಬಾಳಿದ ಉದಾಹರಣೆಯಾಗಿ ಅದು ನೆನಪಿಗೆ ಬರುತ್ತದೆ.)

ಯುರೋಪಿನ ಒಕ್ಕೂಟ 2017ರ ಸೆಪ್ಟೆಂಬರ್ 21ರಿಂದೀಚೆಗೆ ವಿಶೇಷ ಅನುಮತಿಯಿಲ್ಲದೆ ಕ್ರೋಮಿಯಂ ಟ್ರೈಆಕ್ಸೈಡನ್ನು ಬಳಸಬಾರದೆಂದು ಕಟ್ಟು ಮಾಡಿತು. ವಿಮಾನಗಳಿಗೆ ಮೂರು ಸಂಯೋಗ ಸಾಮರ್ಥ್ಯದ ಕ್ರೋಮಿಯಮ್ಮಿನ ಲೇಪವೂ, ಕಿಟಕಿ ಬಾಗಿಲುಗಳಿಗೆ ಜಿರ್ಕೋನಿಯಂ, ಟೈಟಾನಿಯಂಗಳ ಲೇಪವೂ ಬಂದಿವೆ. ತಾಮ್ರ ಬೆರೆತ ವಿಮಾನದ ಮಿಶ್ರಲೋಹ ಬೇಗ ಕೆಡುವಂಥದು; ಅಲ್ಲಿ ನೂರಾರು ಪ್ರಾಣಗಳ ಪ್ರಶ್ನೆಯಿರುವುದರಿಂದ ಹಳೆಯ ದ್ರಾವಣವನ್ನು ಬಿಡಲು ಅವರು ಹಿಂದೆಮುಂದೆ ನೋಡಿದರೆ ತಪ್ಪೆನ್ನಲಾರೆ. ಶಾಲೆಯ ಕಿಟಕಿಗೆ ಆ ನೆಪ ಸಲ್ಲದು.

ಆದರೆ ತೊಡಕು ಇರುವುದೇ ಇಲ್ಲಿ. ಹಳದಿ ಲೇಪವಾದರೆ ಕೆಲಸ ಆಗಿದೆಯೆಂದು ಕಣ್ಣಿಗೇ ಕಾಣುತ್ತದೆ. ಹೊಸ ಲೇಪಗಳು ಬಹುಮಟ್ಟಿಗೆ ಬಣ್ಣವಿಲ್ಲದವು. ಅದ್ದಿದ ಚೌಕಟ್ಟಿಗೂ ಅದ್ದದ ಚೌಕಟ್ಟಿಗೂ ನೋಟದಲ್ಲಿ ಭೇದವಿಲ್ಲ. ವಿಷವನ್ನು ಬಿಟ್ಟೊಡನೆ ಸಾಕ್ಷಿಯನ್ನೂ ಕಳೆದುಕೊಂಡಂತಾಗುತ್ತದೆ. ವಂಚಿಸುವವನಿಗೆ ಇದಕ್ಕಿಂತ ಅನುಕೂಲ ಬೇಕೇ?

ಇದಕ್ಕೆ ಪರಿಹಾರ ಪರೀಕ್ಷೆಯೊಂದೇ, ಮತ್ತು ಆ ಪರೀಕ್ಷೆ ನಮ್ಮ ಪ್ರೌಢಶಾಲೆಯ ಪ್ರಯೋಗಾಲಯಕ್ಕೆ ಮೀರಿದ್ದಲ್ಲ. ಸಂಸ್ಕಾರಕ್ಕೆ ಮೊದಲು ಲೋಹ ಶುದ್ಧವಾಗಿದೆಯೇ ಎಂದು ತಿಳಿಯಲು ಶುದ್ಧ ನೀರು ಸುರಿದು ನೋಡಿದರೆ ಸಾಕು: ಜಿಡ್ಡಿಲ್ಲದ ಮೈಮೇಲೆ ನೀರು ಒಂದೇ ಹಾಳೆಯಾಗಿ ನಿಲ್ಲುತ್ತದೆ, ಜಿಡ್ಡಿದ್ದರೆ ಹನಿಹನಿಯಾಗಿ ಒಡೆಯುತ್ತದೆ. ಬಣ್ಣ ಹಚ್ಚಿ ಬಂದ ಮೇಲೆ ಒಂದು ತುಂಡನ್ನು ಎರಡು ಗಂಟೆ ಕಾಲ ಕುದಿಯುವ ನೀರಿನಲ್ಲಿಡಬೇಕು. ಒಂದು ಗಂಟೆ ಬಿಟ್ಟು, ಹರಿತವಾದ ಅಲಗಿನಿಂದ ಒಂದೆರಡು ಮಿಲಿಮೀಟರಿನ ಅಂತರದಲ್ಲಿ ಅಡ್ಡಲಾಗಿಯೂ ಉದ್ದವಾಗಿಯೂ ಗೀರಿ, ಅಂಟುಪಟ್ಟಿ ಒತ್ತಿ ಒಮ್ಮೆಲೆ ಎಳೆಯಬೇಕು. ಚೌಕಗಳು ಪಟ್ಟಿಯೊಡನೆ ಬಂದರೆ ಪದರು ಇಲ್ಲವೆಂದೋ ಕೆಟ್ಟಿದೆಯೆಂದೋ ತಿಳಿಯಬೇಕು. ಕುದಿಸದೆ ಮಾಡಿದರೆ ಒರೆಸಿ ಬಳಿದ ಬಣ್ಣವೂ ಎಷ್ಟೋ ಸಲ ಪಾರಾಗುತ್ತದೆ. ನಾವು ಮೋಸಹೋದದ್ದು ಹಾಗೆಯೇ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ ಇಷ್ಟೆ. ಇನ್ನು ಮುಂದಿನ ಕಟ್ಟಡಗಳ ಕರಾರುಪತ್ರದಲ್ಲಿ ಕ್ರೋಮಿಯಂರಹಿತ ಪೂರ್ವಸಂಸ್ಕಾರವನ್ನು ಹೆಸರಿಸಿ ಬರೆಯಿಸಬೇಕು. ಕುದಿಸಿ ಗೀರುವ ಪರೀಕ್ಷೆಯಲ್ಲಿ ಪಾಸಾದ ಮೇಲೆಯೇ ಕೊನೆಯ ಕಂತು ಕೊಡಬೇಕು. ಪರೀಕ್ಷೆಯನ್ನು ಒಂಬತ್ತನೆಯ ಇಯತ್ತೆಯ ಮಕ್ಕಳು, ಕುದಿಯುವ ನೀರೂ ಅಲಗೂ ಗುರುಗಳ ಕೈಯಲ್ಲಿದ್ದು, ಮಾಡಲಿ. ದರ ಹೆಚ್ಚುತ್ತದೆಂಬ ಆಕ್ಷೇಪ ಬರುತ್ತದೆ, ಹೆಚ್ಚುವುದೂ ನಿಜ. ಆದರೆ ಅದೇ ಕಿಟಕಿಯ ಬಣ್ಣ ಕೆರೆಸಿ ಮತ್ತೊಮ್ಮೆ ಹಚ್ಚಿಸುವ ಖರ್ಚಿಗೆ ಮತ್ತೆ ಅದೇ ದಾನಿಗಳ ಮನೆಯ ಬಾಗಿಲಿಗೆ ಹೋಗಬೇಕಾದವರು ನಾವೇ. ಆಗ ಹೇಳಲು ಯಾವ ಮಾತೂ ಉಳಿದಿರುವುದಿಲ್ಲ. ಕಾಯಕವನ್ನು ಕುರಿತು ವೇದಿಕೆಯಿಂದ ಎಷ್ಟು ಭಾಷಣಗಳಾದವೋ ಲೆಕ್ಕವಿಲ್ಲ, ಅವೆಲ್ಲ ಆದದ್ದು ಈ ಕಿಟಕಿಗಳ ಪಕ್ಕದಲ್ಲಿಯೇ.

ಸಭಾಭವನದ ಉತ್ತರದ ಸಾಲಿನಿಂದ ತೆಗೆದ ಒಂದು ಚೌಕಟ್ಟನ್ನು ವಿಜ್ಞಾನದ ಕೊಠಡಿಯಲ್ಲಿ ಇರಿಸಲಾಗಿದೆ. ಹಳೆಯ ವಿದ್ಯಾರ್ಥಿಗಳು ಬಂದಾಗ ಅದರ ಬಣ್ಣವನ್ನು ಉಗುರಿನಿಂದ ಎಬ್ಬಿಸಿ ನೋಡಬಹುದು.