ದನಿಯನ್ನು ಹೊತ್ತ ಅಲೆ

ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ, ಬಾಗಲಕೋಟೆಯ ವಿದ್ಯಾಗಿರಿಯ ಮನೆಗಳಲ್ಲಿ ಕುಳಿತು ಧಾರವಾಡದ ಆಕಾಶವಾಣಿಯನ್ನು ಆಲಿಸುತ್ತಿದ್ದವರಿಗೆ ಒಂದು ಅನುಭವ ಚಿರಪರಿಚಿತ. ಮಿಂಚು ಹೊಳೆದ ಕ್ಷಣವೇ ರೇಡಿಯೋ 'ಚರ್' ಎಂದು ಸಿಡುಕುತ್ತಿತ್ತು. ಗುಡುಗು ಕೇಳಿಸುತ್ತಿದ್ದುದು ಆಮೇಲೆ. ಎಫ್.ಎಂ. ರೇಡಿಯೋ ಅಂಥ ಸಂಜೆಯಲ್ಲಿಯೂ ಬಹುಮಟ್ಟಿಗೆ ಶಾಂತವಾಗಿರುತ್ತದೆ. ಈ ಅಂತರಕ್ಕೆ ಕಾರಣ ಪೆಟ್ಟಿಗೆಯ ಬೆಲೆಯಲ್ಲ. ದನಿಯನ್ನು ಅಲೆಯ ಮೇಲೆ ಏರಿಸಿದ ಬಗೆ.

ಮಾತು ಮೈಕನ್ನು ಹೊಕ್ಕೊಡನೆ ವಿದ್ಯುತ್ತಿನ ಏರಿಳಿತವಾಗುತ್ತದೆ. ಇದಕ್ಕೆ ಸಂಕೇತವೆಂದು ಹೆಸರು. ಆದರೆ ಅದು ತಾನಾಗಿಯೇ ಊರಿಂದೂರಿಗೆ ಹಾರಲಾರದು. ಸೆಕೆಂಡಿಗೆ 3,000 ಬಾರಿ ಕಂಪಿಸುವ ವಿದ್ಯುತ್ ಅಲೆಯ ಉದ್ದ 100 ಕಿಲೋಮೀಟರ್. ಅದನ್ನು ಚೆನ್ನಾಗಿ ಹೊರಸೂಸಲು ಅಲೆಯ ಕಾಲುಭಾಗದಷ್ಟು, ಎಂದರೆ 25 ಕಿಲೋಮೀಟರ್ ಎತ್ತರದ ಏರಿಯಲ್ ಬೇಕು! 1950ರ ಜನವರಿ 8ರಂದು ಆರಂಭವಾದ ಧಾರವಾಡ ನಿಲಯವನ್ನು ಶ್ರೋತೃಗಳು 765 ಕಿಲೋಹರ್ಟ್ಸ್‌ನಲ್ಲಿ ಗುರುತಿಸಿದರು. ಈ ಅಲೆಯ ಉದ್ದ ಸುಮಾರು 392 ಮೀಟರ್. ಅದರ ಕಾಲುಭಾಗ 98 ಮೀಟರ್. ಅಷ್ಟೆತ್ತರದ ಕಂಬವನ್ನು ನಿಲ್ಲಿಸುವುದು ಮನುಷ್ಯಸಾಧ್ಯ. ಆದುದರಿಂದಲೇ ವೇಗವಾಗಿ ಕಂಪಿಸುವ ವಾಹಕ ಅಲೆಯ ಮೇಲೆ ದನಿಯ ಮುದ್ರೆಯೊತ್ತಿ ಕಳುಹಿಸುತ್ತಾರೆ. ಈ ಕ್ರಿಯೆಯೇ ಮಾಡ್ಯುಲೇಷನ್.

ಮುದ್ರೆಯೊತ್ತುವ ಬಗೆ ಮುಖ್ಯವಾಗಿ ಎರಡು. ಗುಡ್ಡದ ಮೇಲಿನ ದೀಪವೊಂದನ್ನು ಊಹಿಸಿಕೊಳ್ಳಿ. ಅದರ ಬೆಳಕನ್ನು ಹೆಚ್ಚುಕಡಿಮೆ ಮಾಡಿ ಸುದ್ದಿ ತಿಳಿಸಬಹುದು. ಬೆಳಕಿನ ಬಣ್ಣವನ್ನು ಬದಲಿಸಿಯೂ ತಿಳಿಸಬಹುದು. ಮೊದಲನೆಯದು ಎ.ಎಂ.; ಇಲ್ಲಿ ಅಲೆಯ ಎತ್ತರ ದನಿಗನುಗುಣವಾಗಿ ಏರಿಳಿಯುತ್ತದೆ. ಎರಡನೆಯದು ಎಫ್.ಎಂ.; ಎತ್ತರ ಹಾಗೆಯೇ ಉಳಿದು ಕಂಪನದ ವೇಗ ಬದಲಾಗುತ್ತದೆ. ಮಿಂಚು ಮುಖ್ಯವಾಗಿ ಕೆಡಿಸುವುದು ಅಲೆಯ ಎತ್ತರವನ್ನು. ಎ.ಎಂ. ರೇಡಿಯೋ ಆ ಕೇಡನ್ನೂ ದನಿಯೆಂದೇ ತಿಳಿದು ನುಡಿಸುತ್ತದೆ. ಎಫ್.ಎಂ. ರೇಡಿಯೋ ಎತ್ತರದ ಏರುಪೇರನ್ನು ಕತ್ತರಿಸಿ, ಕಂಪನದ ವೇಗವನ್ನಷ್ಟೇ ಓದುತ್ತದೆ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1935ರಲ್ಲಿ ಇದನ್ನು ಸಾರ್ವಜನಿಕವಾಗಿ ತೋರಿಸಿಕೊಟ್ಟರು. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನಾರಂಭಿಸಿದುದೂ ಅದೇ ವರ್ಷ.

ಹಾಗಾದರೆ ಎ.ಎಂ. ನಿರುಪಯುಕ್ತವೆ? ಅವಸರದ ತೀರ್ಪು ಬೇಡ. ಎಫ್.ಎಂ. ನಿಲಯವೊಂದಕ್ಕೆ ಸುಮಾರು 200 ಕಿಲೋಹರ್ಟ್ಸ್ ಜಾಗ ಬೇಕು. ಮಧ್ಯಮ ತರಂಗದಲ್ಲಿ ನಿಲಯಗಳ ನಡುವಿನ ಅಂತರವೇ 9 ಕಿಲೋಹರ್ಟ್ಸ್. ಆದ್ದರಿಂದ ಎಫ್.ಎಂ. 88ರಿಂದ 108 ಮೆಗಾಹರ್ಟ್ಸ್‌ನ ಎತ್ತರದ ನೆಲೆಗೆ ಹೋಗಬೇಕಾಯಿತು. ಅಲ್ಲಿನ ಸುಮಾರು ಮೂರು ಮೀಟರ್ ಉದ್ದದ ಅಲೆಗಳು ಬಹುತೇಕ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ಸೊರಗುತ್ತವೆ. ಮಧ್ಯಮ ತರಂಗವೋ ನೆಲವನ್ನಪ್ಪಿಕೊಂಡು ಸಾಗಿ, ಧಾರವಾಡದ ಹವಾಮಾನ ವಾರ್ತೆಯನ್ನು ನೂರು ಕಿಲೋಮೀಟರಿಗೂ ಆಚೆಯ ಹುನಗುಂದದ ಹೊಲದವರೆಗೆ ಮುಟ್ಟಿಸಬಲ್ಲದು.

ಪಟ್ಟಣದ ಮನೆಗೆ ನಿಚ್ಚಳವಾದ ಹಾಡು ಬೇಕು. ಗುಡ್ಡದಾಚೆಯ ರೈತನಿಗೆ, ಸಿಡುಕಿನ ನಡುವೆಯಾದರೂ ಸರಿ, ಮಳೆಯ ಮುನ್ಸೂಚನೆ ಬೇಕು. ಎ.ಎಂ. ಪ್ರಸಾರದ ಕಾಲ ಮುಗಿಯಿತೆನ್ನುವವರು ಈ ಎರಡನೆಯ ಶ್ರೋತೃವನ್ನು ಮರೆಯಲಾಗದು.