ಕೂದಲು ಕಸಿ: ಯಾರ ಕೈಗೆ ತಲೆ ಕೊಡುತ್ತಿದ್ದೀರಿ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ- ಯಾವ ಊರಿನಲ್ಲೇ ಆಗಲಿ, ಮದುವೆಯ ಮಾತುಕತೆ ಎಂದರೆ ಹಿಂದೆ ಹುಡುಗಿಯ ಬಣ್ಣ, ಎತ್ತರದ ಲೆಕ್ಕವೇ ನಡೆಯುತ್ತಿತ್ತು. ಈಗ ಹುಡುಗನ ತಲೆಯ ಲೆಕ್ಕವೂ ಅದಕ್ಕೆ ಸೇರಿಕೊಂಡಿದೆ. "ಹುಡುಗ ಒಳ್ಳೆಯವನು, ದುಡಿಮೆಯೂ ಇದೆ, ಆದರೆ ಮುಂದಲೆ ಬೋಳು" ಎಂಬ ಒಂದು ಮಾತಿಗೆ ಸಂಬಂಧ ತಪ್ಪಿಹೋಗುವುದುಂಟು. ಟೋಪಿ ಧರಿಸಿದ ಫೋಟೋ ಕಳುಹಿಸಿದರೆ "ಟೋಪಿ ಇಲ್ಲದ್ದು ಕೊಡಿ" ಎಂಬ ಬೇಡಿಕೆ ಬರುತ್ತದೆ. ಆಗ ತಾಯಿಯ ಕಣ್ಣಿಗೆ ಬೀಳುವುದು ಜಾಹೀರಾತು: ಒಂದೇ ದಿನದಲ್ಲಿ ಕೂದಲು ಕಸಿ, ನೋವಿಲ್ಲ, ಕಂತುಗಳಲ್ಲಿ ಪಾವತಿ. ಎಷ್ಟೋ ಮನೆಗಳಲ್ಲಿ ಇದಕ್ಕಾಗಿ ಅಡವಿಗೆ ಹೋಗುವುದು ತಾಯಿಯ ಬಳೆ ಅಥವಾ ಹೆಂಡತಿಯ ಸರ. ಹಣ ಮನೆಯ ಹೆಂಗಸಿನದು ಎಂದ ಮೇಲೆ ಪ್ರಶ್ನೆ ಕೇಳುವ ಹಕ್ಕೂ ಅವಳದೇ. ಆ ಪ್ರಶ್ನೆಗಳು ಯಾವುವು ಎಂಬುದನ್ನು ಈ ಬಾರಿ ನೋಡೋಣ.

ಮೊದಲು ತಿಳಿಯಬೇಕಾದದ್ದು ಇಷ್ಟೆ. ಕೂದಲು ಕಸಿ ಎಂಬುದು ಬ್ಯೂಟಿ ಪಾರ್ಲರಿನ ಕೆಲಸವಲ್ಲ, ಅದು ಶಸ್ತ್ರಚಿಕಿತ್ಸೆ. 2016ರಲ್ಲಿ ಚೆನ್ನೈಯಲ್ಲಿ 22 ವರ್ಷದ ಯುವಕನೊಬ್ಬ ಕೂದಲು ಕಸಿಯ ನಂತರ ತೀರಿಕೊಂಡ. ಅವನು ಸ್ವತಃ ವೈದ್ಯಕೀಯ ವಿದ್ಯಾರ್ಥಿ. ಆ ಕೇಂದ್ರಕ್ಕೆ ಇದ್ದದ್ದು ಸಲೂನಿನ ಪರವಾನಗಿ ಮಾತ್ರ ಎಂದು ಆಗ ವರದಿಯಾಯಿತು. 2019ರಲ್ಲಿ ಮುಂಬೈಯ ವ್ಯಾಪಾರಿಯೊಬ್ಬರು ಒಂದೇ ಸಲಕ್ಕೆ 9,000ಕ್ಕೂ ಹೆಚ್ಚು ಗ್ರಾಫ್ಟ್ ಹಾಕಿಸಿಕೊಂಡ ಬಳಿಕ ಅಲರ್ಜಿಯ ಲಕ್ಷಣಗಳು ಕಾಣಿಸಿಕೊಂಡು ಪ್ರಾಣ ಕಳೆದುಕೊಂಡರು. 2024 ಮತ್ತು 2025ರಲ್ಲಿ ಕಾನ್ಪುರದ ಒಂದೇ ಕ್ಲಿನಿಕ್ಕಿನಲ್ಲಿ ಕಸಿ ಮಾಡಿಸಿಕೊಂಡ ಇಬ್ಬರು ಇಂಜಿನಿಯರುಗಳು ಮೃತಪಟ್ಟರು. ಅಲ್ಲಿ ಪ್ರಕರಣ ದಾಖಲಾದದ್ದು ಒಬ್ಬ ದಂತ ವೈದ್ಯೆಯ ಮೇಲೆ. ಇಂತಹ ಸಾವುಗಳು ವಿರಳ, ನಿಜ. ಸರಿಯಾದ ಕೈಯಲ್ಲಿ ಇದು ಸುರಕ್ಷಿತ ಚಿಕಿತ್ಸೆಯೇ. ಆದರೆ ಆ ಕೈ ಸರಿಯಾದದ್ದೇ ಎಂದು ಮೊದಲೇ ವಿಚಾರಿಸುವವರೂ ಅಷ್ಟೇ ವಿರಳ.

ನಾಟಿಯ ಲೆಕ್ಕ

ಹೇಮಾವತಿ ನಾಲೆಯ ಗದ್ದೆಗಳಲ್ಲಿ ಭತ್ತದ ನಾಟಿ ನೋಡಿದವರಿಗೆ ಕೂದಲು ಕಸಿ ಸುಲಭವಾಗಿ ಅರ್ಥವಾಗುತ್ತದೆ. ಒಂದು ಕಡೆ ಬೆಳೆದ ಪೈರನ್ನು ಕಿತ್ತು ಇನ್ನೊಂದು ಕಡೆ ನೆಡುತ್ತೇವೆ. ಇಲ್ಲಿಯೂ ಹಾಗೆಯೇ. ಗಂಡಸರಲ್ಲಿ ವಂಶಪಾರಂಪರ್ಯವಾಗಿ ಬರುವ ಬೋಳುತನದಲ್ಲಿ ಮುಂದಲೆ ಮತ್ತು ನೆತ್ತಿಯ ಕೂದಲು ಹಾರ್ಮೋನಿನ ಪ್ರಭಾವಕ್ಕೆ ಸೊರಗಿ ಉದುರುತ್ತದೆ. ತಲೆಯ ಹಿಂಭಾಗದ ಕೂದಲು ಸಾಮಾನ್ಯವಾಗಿ ಹಾಗೆ ಉದುರುವುದಿಲ್ಲ. ಅದನ್ನು ಬೇರುಸಮೇತ ತೆಗೆದು ಮುಂದೆ ನೆಟ್ಟರೆ ಅಲ್ಲಿಯೂ ತನ್ನ ಗುಣವನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ನ್ಯೂಯಾರ್ಕಿನ ಡಾ. ನಾರ್ಮನ್ ಓರೆನ್‌ಟ್ರೈಶ್ 1950ರ ದಶಕದಲ್ಲಿ ತೋರಿಸಿಕೊಟ್ಟರು.

ಒಂದು ವ್ಯತ್ಯಾಸವಿದೆ. ಭತ್ತದ ಒಟ್ಟಲಿಗೆ ಮುಂದಿನ ವರ್ಷ ಮತ್ತೆ ಬೀಜ ಚೆಲ್ಲಬಹುದು. ತಲೆಯ ಹಿಂಭಾಗದ ಒಟ್ಟಲು ಒಂದೇ ಸಲದ್ದು. ಅಲ್ಲಿಂದ ಕಿತ್ತ ಬೇರು ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಹೆಚ್ಚಿನವರ ಹಿಂದಲೆಯಿಂದ ಇಡೀ ಜೀವಮಾನಕ್ಕೆ ಸಿಗುವುದು ಕೆಲವು ಸಾವಿರ ಗ್ರಾಫ್ಟುಗಳು ಮಾತ್ರ. ಇಪ್ಪತ್ತೆರಡರ ಹುಡುಗನಿಗೆ ಅವಸರದಲ್ಲಿ ಎಲ್ಲವನ್ನೂ ಮುಂದಲೆಗೆ ಸುರಿದರೆ, ಮೂವತ್ತೈದರಲ್ಲಿ ನೆತ್ತಿ ಖಾಲಿಯಾದಾಗ ನೆಡಲು ಏನೂ ಉಳಿದಿರುವುದಿಲ್ಲ. ಮುಂದೆ ದ್ವೀಪದಂತೆ ಕೂದಲು, ಹಿಂದೆ ಬಯಲು! ಆದ್ದರಿಂದ ತೀರಾ ಚಿಕ್ಕ ವಯಸ್ಸಿನವರಿಗೆ "ಇನ್ನೂ ಕೆಲವು ವರ್ಷ ಕಾಯೋಣ, ಮೊದಲು ಔಷಧ ನೋಡೋಣ" ಎನ್ನುವ ವೈದ್ಯರು ವ್ಯಾಪಾರ ಕಳೆದುಕೊಳ್ಳುತ್ತಿರಬಹುದು, ಆದರೆ ನಿಮ್ಮ ಮಗನ ತಲೆಯನ್ನು ಉಳಿಸುತ್ತಿದ್ದಾರೆ.

ತೆಗೆಯುವ ವಿಧಾನಗಳು ಮುಖ್ಯವಾಗಿ ಎರಡು. ಎಫ್‌ಯುಟಿಯಲ್ಲಿ ಹಿಂದಲೆಯ ಚರ್ಮದ ಸಣ್ಣ ಪಟ್ಟಿಯನ್ನೇ ತೆಗೆದು ಹೊಲಿಗೆ ಹಾಕುತ್ತಾರೆ; ಉದ್ದನೆಯ ಗೆರೆಯ ಕಲೆ ಉಳಿಯುತ್ತದೆ. ಎಫ್‌ಯುಇಯಲ್ಲಿ ಬೇರುಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಚುಕ್ಕೆಗಳಂತಹ ಸಣ್ಣ ಕಲೆಗಳು ಉಳಿಯುತ್ತವೆ. "ಕಲೆಯೇ ಇರುವುದಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೇಳಲೇಬೇಕಾದ ಪ್ರಶ್ನೆಗಳು

*ಮಾಡುವವರು ಯಾರು?* ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ., ಚರ್ಮರೋಗದಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ.ಯಂತಹ ಕ್ರಮಬದ್ಧ ತರಬೇತಿ ಪಡೆದ ವೈದ್ಯರು ಇದನ್ನು ಮಾಡಬೇಕು. ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬಿನಲ್ಲಿ ನೋಡಿದ್ದು ತರಬೇತಿಯಾಗುವುದಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿದೆ. ಸಹಾಯಕರು ಇರಬಹುದು, ಆದರೆ ವೈದ್ಯರ ನೇರ ಮೇಲ್ವಿಚಾರಣೆಯಲ್ಲಿ. ಎಷ್ಟೋ ಕಡೆ ವೈದ್ಯರು ಆರಂಭದಲ್ಲಿ ಮುಖ ತೋರಿಸಿ ಹೋಗುತ್ತಾರೆ, ಉಳಿದ ಎಂಟು ಗಂಟೆ ಕೆಲಸ ಟೆಕ್ನಿಷಿಯನ್ನರದು. ಆದ್ದರಿಂದ ನೇರವಾಗಿ ಕೇಳಿ: "ಚುಚ್ಚುಮದ್ದು ಕೊಡುವವರು ಯಾರು? ಬೇರು ತೆಗೆಯುವವರು ಯಾರು? ನೆಡುವ ರಂಧ್ರ ಮಾಡುವವರು ಯಾರು? ಮುಗಿಯುವವರೆಗೂ ಡಾಕ್ಟರು ಇರುತ್ತಾರೆಯೇ?" ಉತ್ತರ ಕೊಡಲು ತಡವರಿಸಿದರೆ ಅಲ್ಲಿಂದ ಎದ್ದುಬನ್ನಿ.

*ನೋಂದಣಿ ಇದೆಯೇ?* ವೈದ್ಯರ ನೋಂದಣಿ ಸಂಖ್ಯೆ ಬರೆದುಕೊಂಡು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. ಕ್ಲಿನಿಕ್ಕಿಗೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿ ಕಡ್ಡಾಯ. ಪ್ರಮಾಣಪತ್ರವೂ ದರಪಟ್ಟಿಯೂ ಎಲ್ಲರಿಗೂ ಕಾಣುವಂತೆ ಇರಬೇಕು. ಗೋಡೆಯ ಮೇಲೆ ಸಿನಿಮಾ ನಟನ ಚಿತ್ರವಿದ್ದು ಪ್ರಮಾಣಪತ್ರ ಇಲ್ಲದಿದ್ದರೆ ಯೋಚಿಸಿ.

*ಅಪಾಯ ಬಂದರೆ ಏನು ವ್ಯವಸ್ಥೆ?* ತಲೆಯನ್ನು ಮರಗಟ್ಟಿಸುವ ಔಷಧವೂ ಪ್ರಮಾಣ ಮೀರಿದರೆ ಅಪಾಯಕಾರಿ. ಆಮ್ಲಜನಕ, ತುರ್ತು ಔಷಧಗಳು ಇವೆಯೇ, ಹತ್ತಿರದ ಯಾವ ಆಸ್ಪತ್ರೆಯೊಂದಿಗೆ ಏರ್ಪಾಡು ಇದೆ ಎಂದು ಕೇಳಿ. ಸಕ್ಕರೆ, ರಕ್ತದೊತ್ತಡ, ರಕ್ತಪರೀಕ್ಷೆ ಏನನ್ನೂ ನೋಡದೆ "ನಾಳೆಯೇ ಬನ್ನಿ" ಎನ್ನುವವರ ಬಳಿ ಹೋಗಬೇಡಿ. ಹೃದ್ರೋಗ, ಅಲರ್ಜಿ, ರಕ್ತ ತೆಳುವಾಗಿಸುವ ಮಾತ್ರೆಗಳ ವಿಷಯ ಮುಚ್ಚಿಡಬೇಡಿ.

*ಊರಿಗೆ ಮರಳಿದ ಮೇಲೆ ಯಾರು?* ಕಸಿಗಾಗಿ ಬೆಂಗಳೂರಿಗೆ ಹೋದರೆ ಹಾಸನದಿಂದ ಸುಮಾರು 185 ಕಿಲೋಮೀಟರ್. ಬೆಳಿಗ್ಗೆ ಹೋಗಿ ಅದೇ ರಾತ್ರಿ ಬಸ್ಸಿನಲ್ಲಿ ಮರಳುವ ಲೆಕ್ಕ ಹಾಕಬೇಡಿ. ಒಬ್ಬರು ಜೊತೆಗಿರಲಿ, ಒಂದೆರಡು ರಾತ್ರಿ ಅಲ್ಲಿಯೇ ತಂಗಿ. ರಾತ್ರಿ ಫೋನ್ ಮಾಡಿದರೆ ಎತ್ತುವ ವೈದ್ಯರ ಸಂಖ್ಯೆ, ಕೊಟ್ಟ ಔಷಧಗಳ ಚೀಟಿ ಕೈಯಲ್ಲಿರಲಿ. ಎರಡು-ಮೂರನೆಯ ದಿನ ಹಣೆ, ಕಣ್ಣಿನ ಸುತ್ತ ಊತ ಬಂದು ಇಳಿಯುವುದು ಸಾಮಾನ್ಯ. ಆದರೆ ಜ್ವರ, ಏರುತ್ತಿರುವ ನೋವು, ಕೀವು, ಚರ್ಮ ಕಪ್ಪಾಗುವುದು, ಉಸಿರುಕಟ್ಟುವುದು ಕಂಡರೆ ಬೆಳಗಾಗುವುದನ್ನು ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

*ಲೆಕ್ಕ ಯಾವುದರದ್ದು?* ಒಂದು ಗ್ರಾಫ್ಟಿನಲ್ಲಿ ಒಂದರಿಂದ ನಾಲ್ಕು ಕೂದಲುಗಳಿರುತ್ತವೆ. ಕೆಲವರು ಕೂದಲಿನ ಸಂಖ್ಯೆ ಹೇಳಿ ಗ್ರಾಫ್ಟಿನ ದರ ಪಡೆಯುತ್ತಾರೆ. ಎಷ್ಟು ಗ್ರಾಫ್ಟ್, ಒಟ್ಟು ಎಷ್ಟು ಹಣ, ಔಷಧ ಮತ್ತು ಮರುಭೇಟಿ ಸೇರಿದೆಯೇ ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. "ಇವತ್ತೇ ಮುಂಗಡ ಕೊಟ್ಟರೆ ರಿಯಾಯಿತಿ" ಎಂಬ ಮಾತು ಸೀರೆ ಅಂಗಡಿಗೆ ಸರಿ, ಶಸ್ತ್ರಚಿಕಿತ್ಸೆಗಲ್ಲ.

ಫಲಿತಾಂಶವನ್ನು ಅಳೆಯುವುದು ಹೇಗೆ?

ಕ್ಲಿನಿಕ್ಕಿನವರು ಮೊದಲು-ನಂತರದ ಫೋಟೋ ತೋರಿಸುತ್ತಾರೆ. ಮೊದಲಿನ ಫೋಟೋದಲ್ಲಿ ಕೂದಲು ಒದ್ದೆ, ನೆತ್ತಿಯ ಮೇಲೆ ಪ್ರಖರ ದೀಪ. ನಂತರದ್ದರಲ್ಲಿ ಒಣಗಿಸಿ ಬಾಚಿದ ಉದ್ದ ಕೂದಲು, ಮಂದ ಬೆಳಕು. ಹೀಗಿದ್ದರೆ ಕಸಿ ಇಲ್ಲದೆಯೇ ವ್ಯತ್ಯಾಸ ಕಾಣುತ್ತದೆ! ಒಂದೇ ಬೆಳಕು, ಒಂದೇ ಕೋನ, ಒಂದೇ ಉದ್ದದ ಕೂದಲು ಇರುವ ಚಿತ್ರಗಳನ್ನು ಕೇಳಿ. ಹಿಂದಲೆಯ ಚಿತ್ರವನ್ನೂ ಕೇಳಿ. ಮುಂದೆ ತುಂಬಿದರೂ ಹಿಂದೆ ನುಸಿ ತಿಂದ ಉಣ್ಣೆಯ ಬಟ್ಟೆಯಂತೆ ಕಂಡರೆ ಅದು ಒಳ್ಳೆಯ ಕೆಲಸವಲ್ಲ. ಸಾಧ್ಯವಾದರೆ ಒಂದು ವರ್ಷ ಕಳೆದ ಒಬ್ಬಿಬ್ಬರನ್ನು ಮುಖತಃ ಕಂಡು ಮಾತನಾಡಿ.

ಮುಂದಲೆಯ ಅಂಚು ಗೆರೆ ಎಳೆದಂತೆ ನೇರವಾಗಿರಬಾರದು. ಮುಂದಿನ ಸಾಲಿನಲ್ಲಿ ಒಂಟಿ ಕೂದಲಿನ ಗ್ರಾಫ್ಟುಗಳು ತುಸು ಅಂಕುಡೊಂಕಾಗಿ, ಸ್ವಾಭಾವಿಕ ಕೋನದಲ್ಲಿ ಇರಬೇಕು. ನಲವತ್ತರ ಗಂಡಸಿಗೆ ಹದಿನಾರರ ಹುಡುಗನ ಹಣೆ ಕೊಟ್ಟರೆ ಅದು ಬೊಂಬೆಯ ತಲೆಯಾಗುತ್ತದೆ.

ಕಾಯುವ ತಾಳ್ಮೆಯೂ ಬೇಕು. ಕಿತ್ತು ನೆಟ್ಟ ಪೈರು ಕೆಲವು ದಿನ ಹಳದಿಯಾಗಿ ಆಮೇಲೆ ಚಿಗುರುವುದಿಲ್ಲವೇ? ನೆಟ್ಟ ಕೂದಲೂ ಮೊದಲ ಕೆಲವು ವಾರಗಳಲ್ಲಿ ಉದುರಿಹೋಗುತ್ತದೆ. ಬೇರು ಒಳಗೇ ಇರುತ್ತದೆ. "ಹಣವೆಲ್ಲ ನೀರುಪಾಲಾಯಿತು" ಎಂದು ಮನೆಯವರು ಅಳುವುದು ಈ ಹಂತದಲ್ಲಿಯೇ. ಮೂರು-ನಾಲ್ಕು ತಿಂಗಳಿಗೆ ಹೊಸ ಕೂದಲು ತೆಳುವಾಗಿ ಮೊಳೆಯುತ್ತದೆ, ಆರು ತಿಂಗಳಿಗೆ ಕಣ್ಣಿಗೆ ಕಾಣುತ್ತದೆ, ಹನ್ನೆರಡು ತಿಂಗಳಿಗೆ ನಿಜವಾದ ರೂಪ. ನೆತ್ತಿಯಲ್ಲಿ ಇನ್ನೂ ಕೆಲವು ತಿಂಗಳು ಹಿಡಿಯಬಹುದು. ಆದ್ದರಿಂದ ಮುಂದಿನ ತಿಂಗಳ ನಿಕಾಹ್‌ಗೆಂದು ಈ ತಿಂಗಳು ಕಸಿ ಮಾಡಿಸುವುದರಲ್ಲಿ ಅರ್ಥವಿಲ್ಲ. ಚಿಕಿತ್ಸೆಗೆ ಮೊದಲೇ ಕಿಟಕಿಯ ಬೆಳಕಿನಲ್ಲಿ ಮುಂದೆ, ಮೇಲೆ, ಎರಡು ಬದಿ, ಹಿಂದೆ ಫೋಟೋ ತೆಗೆದಿಟ್ಟುಕೊಂಡು, ವರ್ಷದ ಬಳಿಕ ಅದೇ ಕಿಟಕಿಯ ಬಳಿ ನಿಂತು ಹೋಲಿಸಿ.

ಕಸಿ ಮಾಡಿದ ಕೂದಲು ಉಳಿದರೂ ಅದರ ಪಕ್ಕದ ಹಳೆಯ ಕೂದಲು ಉದುರುವುದು ನಿಲ್ಲುವುದಿಲ್ಲ. ಅದಕ್ಕಾಗಿ ವೈದ್ಯರು ಮಿನಾಕ್ಸಿಡಿಲ್, ಫಿನಾಸ್ಟರೈಡ್‌ನಂತಹ ಔಷಧ ಬರೆಯಬಹುದು. ಗರ್ಭಿಣಿಯರು ಫಿನಾಸ್ಟರೈಡ್ ಸೇವಿಸಬಾರದು. ಒಡೆದ, ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು. ಗಂಡನ ಮಾತ್ರೆಗಳನ್ನು ಎತ್ತಿಡುವ ಗೃಹಿಣಿಯರು ಇದನ್ನು ನೆನಪಿಡಬೇಕು.

ಹೆಂಗಸರ ಕೂದಲು ಉದುರಿದರೆ

ಹೆಂಗಸರಲ್ಲಿ ಕಾರಣಗಳು ಬೇರೆಯೂ ಇರುತ್ತವೆ: ರಕ್ತಹೀನತೆ, ಥೈರಾಯ್ಡ್, ಪಿಸಿಒಡಿ, ಹೆರಿಗೆಯ ನಂತರದ ತಿಂಗಳುಗಳು. ಹೆರಿಗೆಯ ಬಳಿಕ ಉದುರಿದ್ದು ಸಾಮಾನ್ಯವಾಗಿ ವರ್ಷದೊಳಗೆ ತಾನೇ ಸರಿಹೋಗುತ್ತದೆ. ಸ್ಕಾರ್ಫ್ ಧರಿಸುವುದರಿಂದ ಕೂದಲು ಉದುರುತ್ತದೆ ಎಂಬುದು ಸರಿಯಲ್ಲ. ವರ್ಷಗಟ್ಟಲೆ ಜಡೆಯನ್ನೋ ಗಂಟನ್ನೋ ಜಗ್ಗಿ ಬಿಗಿದು ಕಟ್ಟಿದರೆ ಮಾತ್ರ ಹಣೆಯಂಚಿನ ಕೂದಲು ಸವೆಯುತ್ತದೆ. ಹೆಂಗಸರಿಗೆ ಹಿಂದಲೆಯೂ ತೆಳುವಾಗುವುದರಿಂದ ಕಸಿ ಎಲ್ಲರಿಗೂ ಹೊಂದುವುದಿಲ್ಲ. ಕಸಿಯ ಕೇಂದ್ರಕ್ಕೆ ಹೋಗುವ ಮೊದಲು ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿಯೋ ಬೇರೆ ಕಡೆಯೋ ಚರ್ಮರೋಗ ತಜ್ಞರಿಗೆ ತೋರಿಸಿ. ಕಾರಣ ತಿಳಿದರೆ ಎಷ್ಟೋ ಬಾರಿ ಕೆಲವು ತಿಂಗಳ ಮಾತ್ರೆಯಲ್ಲೇ ಮುಗಿಯುತ್ತದೆ.

ಧಾರ್ಮಿಕ ಸಂದೇಹಗಳು

ಬೇರೆಯವರ ಕೂದಲನ್ನು ಜೋಡಿಸಿಕೊಳ್ಳುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಕಸಿಯೂ ಅದರಲ್ಲಿ ಸೇರುತ್ತದೆಯೇ ಎಂದು ಹಲವರು ಕೇಳುತ್ತಾರೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 2007ರಲ್ಲಿ ಮಲೇಷ್ಯಾದ ಪುತ್ರಜಯದಲ್ಲಿ ಸೇರಿದಾಗ, ಉದುರಿದ ಕೂದಲನ್ನು ನೆಡಿಸಿಕೊಳ್ಳುವುದನ್ನು, ವಿಶೇಷವಾಗಿ ಮಹಿಳೆಯರಿಗೆ, ನ್ಯೂನತೆಯನ್ನು ಸರಿಪಡಿಸುವ ಚಿಕಿತ್ಸೆಗಳ ಸಾಲಿನಲ್ಲಿ ಸೇರಿಸಿ ಅನುಮತಿಸಿತು. ಕಸಿಯ ನಂತರ ಎಷ್ಟು ದಿನ ತಲೆಗೆ ನೀರು ತಾಗಿಸಬಾರದು, ಸುಜೂದ್‌ಗೆ ಬಾಗಬಾರದು ಎಂದು ವೈದ್ಯರನ್ನು ಕೇಳಿಕೊಂಡು, ವುಝೂ ಮತ್ತು ನಮಾಝಿನ ವಿನಾಯಿತಿಯ ಬಗ್ಗೆ ನಿಮ್ಮ ಉಲಮಾರನ್ನು ವಿಚಾರಿಸಿ. ಹಜ್ ಅಥವಾ ಉಮ್ರಾದ ಯೋಜನೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಅಲ್ಲಿ ತಲೆ ಬೋಳಿಸಿದಾಗ ಹಿಂದಲೆಯ ಗೆರೆ ಅಥವಾ ಚುಕ್ಕೆಗಳು ಕಾಣಿಸುತ್ತವೆ, ಹೊಸ ಕಸಿಯ ಮೇಲೆ ಕ್ಷೌರದ ಕತ್ತಿ ಆಡಿಸುವುದೂ ಸರಿಯಲ್ಲ.

ಮೋಸವಾದರೆ

ಹಣ ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕಸಿ ಮಾಡಿಸಿಕೊಂಡ ಅರಕಲಗೂಡಿನವರು ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬಹುದು. ಅವಧಿ ಎರಡು ವರ್ಷ. ಸಹಾಯವಾಣಿ 1915. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಸಿಗುತ್ತದೆ. ಇದಕ್ಕೆಲ್ಲ ರಸೀದಿ, ಚೀಟಿ, ಒಪ್ಪಿಗೆ ಪತ್ರದ ಪ್ರತಿ, ಫೋಟೋ ಬೇಕು. ರಸೀದಿ ಇಲ್ಲದೆ ಹಣ ಕೊಡಬೇಡಿ.

ಚೆನ್ನಾಗಿ ಕಾಣಬೇಕೆಂಬ ಆಸೆ ತಪ್ಪಲ್ಲ. ಬೋಳುತಲೆಯಿಂದ ನಿಜಕ್ಕೂ ಕುಗ್ಗಿಹೋದ ಯುವಕನಿಗೆ ಒಳ್ಳೆಯ ಕಸಿ ಹೊಸ ಉತ್ಸಾಹ ಕೊಡಬಲ್ಲದು. ಆದರೆ ಅದು ಅವನ ಬಯಕೆಯಾಗಿರಲಿ, ಬೀಗರ ಷರತ್ತಾಗದಿರಲಿ. ಹೆಣ್ಣು ಕೊಡುವ ಮನೆಯವರೂ ಒಮ್ಮೆ ಯೋಚಿಸಬೇಕು: ನಮ್ಮ ಹೆಣ್ಣುಮಕ್ಕಳನ್ನು ಬಣ್ಣ ನೋಡಿ ಬೇಡವೆಂದಾಗ ನಮಗೆಷ್ಟು ನೋವಾಗುತ್ತದೆಯೋ, ಕೂದಲು ನೋಡಿ ಬೇಡವೆಂದಾಗ ಆ ತಾಯಿಗೂ ಅಷ್ಟೇ ನೋವಾಗುತ್ತದೆ.